ಕ್ಯಾಸಿನೋ ನೋಡಲು ಗೋವಾಕ್ಕೆ ಹೋದರೆ ಉಳಿಯುವುದು ಪಣಜಿಯಲ್ಲಿ

ಕ್ಯಾಸಿನೋ ನೋಡಬೇಕು ಅನ್ನುವುದು ನಮ್ಮ ಭಾವನ ಹಳೇ ಆಸೆ. ರಿಟೈರ್ ಆದ ಮೇಲೆ ಅದು ಇನ್ನೂ ಜೋರಾಯಿತು. ಅವರ ಗೆಳೆಯರಲ್ಲಿ ಕೆಲವರು ಕೊಲಂಬೋಗೆ ಹೋಗಿ ಬಂದಿದ್ದರು, ಕೆಲವರು ಕಠ್ಮಂಡುವಿಗೆ. ಮುಂಬೈಯಲ್ಲೇ ಎಲ್ಲೋ ಇರಬೇಕಲ್ವಾ ಅಂತ ಭಾವ ಮೊದಲು ಅಲ್ಲಿ ಹುಡುಕಿದರು. ಅಲ್ಲಿಲ್ಲ. ಮಹಾರಾಷ್ಟ್ರದಲ್ಲಿ 1976ರಲ್ಲೇ ಕ್ಯಾಸಿನೋ ಕಾನೂನು ಮಾಡಿದ್ದರೂ ಅದು ಒಂದು ದಿನವೂ ಜಾರಿಗೆ ಬರಲಿಲ್ಲ, 2023ರಲ್ಲಿ ಆ ಕಾನೂನನ್ನೇ ತೆಗೆದುಹಾಕಿದರು. ಇನ್ನು ಸಿಕ್ಕಿಂ ದೂರ. ಧಾರವಾಡದ ನಮಗೆ ಗೋವಾ ಅಂದರೆ ಬೆಳಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು. ಪಾಸ್‌ಪೋರ್ಟ್ ಬೇಡ, ವಿಮಾನ ಬೇಡ.

ಎಲ್ಲಿ ಉಳಿಯುವುದು ಅನ್ನುವುದಕ್ಕೆ ಮಾತ್ರ ಮನೆಯಲ್ಲಿ ದೊಡ್ಡ ವಾದವೇ ಆಯಿತು. ಭಾವನಿಗೆ ಬಾಗಾ ಬೀಚ್ ಬೇಕು, ಅಲ್ಲೇ ರಾತ್ರಿ ಜೀವನ ಇರೋದು ಅಂತ. ನಾನು ಪಣಜಿ ಅಂತ ಹಟ ಹಿಡಿದೆ. ಕ್ಯಾಸಿನೋ ಹಡಗುಗಳು ನಿಂತಿರುವುದು ಪಣಜಿಯ ಮಾಂಡೋವಿ ನದಿಯಲ್ಲಿ. ಮಧ್ಯರಾತ್ರಿ ಹಡಗಿನಿಂದ ಇಳಿದು ಬಾಗಾಕ್ಕೆ ಟ್ಯಾಕ್ಸಿ ಹುಡುಕುವುದು ಯಾರಿಗೆ ಬೇಕು? ಗೋವಾದಲ್ಲಿ ಓಲಾ, ಊಬರ್ ಎರಡೂ ಇಲ್ಲ. ಗೋವಾ ಮೈಲ್ಸ್ ಅನ್ನುವ ಆ್ಯಪ್ ಇದೆ, ರಾತ್ರಿ ಹೊತ್ತು ಅದರಲ್ಲೂ ಗಾಡಿ ಸಿಗುವುದು ಕಷ್ಟ. ಪಣಜಿಯಲ್ಲಿ ಉಳಿದರೆ ನಡೆದೇ ರೂಮಿಗೆ ಬರಬಹುದು. ಕೊನೆಗೆ ಅಕ್ಕ ನನ್ನ ಪರ ನಿಂತಳು, ಅಲ್ಲಿಗೆ ವಾದ ಮುಗಿಯಿತು.

ಗುರುವಾರ

2024ರ ಡಿಸೆಂಬರ್ ಮೊದಲ ವಾರ. ಫೆಂಗಲ್ ಚಂಡಮಾರುತದ ಮೋಡ ಇನ್ನೂ ಪೂರ್ತಿ ಸರಿದಿರಲಿಲ್ಲ. ಮಾರ್ಗಶಿರದ ಗುರುವಾರ ಬೇರೆ. ಅಕ್ಕ ನಸುಕಿನಲ್ಲೇ ಲಕ್ಷ್ಮಿ ಪೂಜೆ ಮುಗಿಸಿ ಪ್ರಸಾದದ ಡಬ್ಬಿ ಹಿಡಿದು ಕಾರು ಹತ್ತಿದಳು. “ಲಕ್ಷ್ಮಿ ವಾರನ ಹೊಂಟೀವಿ, ಇವತ್ತ ಗೆಲ್ಲೂದು ಗ್ಯಾರಂಟಿ” ಅಂದರು ಭಾವ. ಅಕ್ಕ ಮಾತಾಡಲಿಲ್ಲ.

ಬೆಳಗಾವಿಯಲ್ಲಿ ತಿಂಡಿ ತಿಂದು ಜಾಂಬೋಟಿ ರಸ್ತೆ ಹಿಡಿದೆವು. ಚೋರ್ಲಾ ಘಾಟಿನ ದಾರಿ ಹತ್ತಿರ, ಆದರೆ ರಸ್ತೆ ತೀರಾ ಹಾಳಾಗಿತ್ತು. ಗುಂಡಿ ತಪ್ಪಿಸಲು ಎದುರಿನಿಂದ ಬರುವವರೂ ನಮ್ಮ ಕಡೆಗೇ ಬರುತ್ತಾರೆ, ಹೀಗಾಗಿ ಕತ್ತಲಾದ ಮೇಲೆ ಈ ದಾರಿಗೆ ಇಳಿಯದಿರುವುದೇ ವಾಸಿ. ಕಣಕುಂಬಿಯಲ್ಲಿ ಗಾಡಿ ನಿಲ್ಲಿಸಿದೆವು. ಮಲಪ್ರಭಾ ಹುಟ್ಟುವುದು ಇಲ್ಲೇ, ಮಾವುಲಿ ದೇವಿ ಗುಡಿಯ ಹತ್ತಿರ. ನಮ್ಮ ಹೊಲಗಳಿಗೆ ನೀರು ಕೊಡುವ ಹೊಳೆ ಇಷ್ಟು ಸಣ್ಣದಾಗಿ ಶುರುವಾಗುತ್ತದೆ ಅಂತ ನೋಡಿ ಅಕ್ಕ ಕೈ ಮುಗಿದಳು. ಇಲ್ಲಿಂದ ಮಲಪ್ರಭಾ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಪಕ್ಕದಲ್ಲೇ ಇರುವ ಕಳಸಾ ಹಳ್ಳ ಪಡುವಣಕ್ಕೆ ಇಳಿದು ಮಹದಾಯಿ ಸೇರುತ್ತದೆ. ಆ ಮಹದಾಯಿ ಹುಟ್ಟುವುದೂ ಇದೇ ಖಾನಾಪುರ ತಾಲ್ಲೂಕಿನಲ್ಲಿ, ಭೀಮಗಡದ ಕಾಡಿನಲ್ಲಿ. ಗೋವಾಕ್ಕೆ ಹೋದ ಮೇಲೆ ಅದಕ್ಕೆ ಮಾಂಡೋವಿ ಅನ್ನುತ್ತಾರೆ. ಅಂದರೆ ನರಗುಂದ, ನವಲಗುಂದದ ರೈತರು ಯಾವ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತರೋ ಅದೇ ನೀರಿನ ಮೇಲೆ ಈ ಕ್ಯಾಸಿನೋ ಹಡಗುಗಳು ನಿಂತಿವೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಆ ನೀರನ್ನು ಮಲಪ್ರಭೆಗೆ ತಿರುಗಿಸಲು ಕಣಕುಂಬಿಯಲ್ಲಿ ಅಗೆದ ಕಾಲುವೆ ಇನ್ನೂ ಹಾಗೇ ಇದೆ. ಇದನ್ನು ನೋಡಿದರೆ ಈಗಲೂ ಸಂಕಟವಾಗುತ್ತದೆ. ಭಾವನೂ ಕ್ಯಾಸಿನೋ ಮಾತು ಬಿಟ್ಟು ಸ್ವಲ್ಪ ಹೊತ್ತು ಅಲ್ಲೇ ನಿಂತರು.

ಘಾಟಿನಲ್ಲಿ ಮಂಜು. ಸಾಂಖಳಿ ಮುಟ್ಟುವಷ್ಟರಲ್ಲಿ ಬಿಸಿಲು. ಪಣಜಿಯಲ್ಲಿ ರೂಮಿನ ಬಾಡಿಗೆ ಮಾಮೂಲಿಗಿಂತ ಜಾಸ್ತಿಯೇ ಇತ್ತು. ಹಳೇ ಗೋವಾದಲ್ಲಿ ಸೇಂಟ್ ಫ್ರಾನ್ಸಿಸ್ ಝೇವಿಯರ್ ಅವರ ಪಾರ್ಥಿವ ಶರೀರದ ದರ್ಶನ ನಡೆಯುತ್ತಿತ್ತು. ಅದು ಹತ್ತು ವರ್ಷಕ್ಕೊಮ್ಮೆ ಬರುವುದು, ಊರೆಲ್ಲ ಜನ. ಡಿಸೆಂಬರಿನಲ್ಲಿ ಹೋಗುವವರು ಮೊದಲೇ ರೂಮು ಹಿಡಿಯಬೇಕು.

ಸಂಜೆಯೇ ಹಡಗಿಗೆ ಹೊರಟೆವು. ಶುಕ್ರವಾರ ಬಂತೆಂದರೆ ಟಿಕೆಟ್ ದರ ಏರುತ್ತದೆ, ಅದಕ್ಕೇ ಗುರುವಾರ. ದಂಡೆಯ ಮೇಲೆ ಕೌಂಟರ್ ಇದೆ, ಅಲ್ಲಿ ಗುರುತಿನ ಚೀಟಿ ತೋರಿಸಬೇಕು, 21 ವರ್ಷ ಆಗಿರಬೇಕು. ಎಲ್ಲ ಸರಿಯಿತ್ತು, ಭಾವನ ಚಪ್ಪಲಿ ಬಿಟ್ಟು. ಗಂಡಸರು ಚಪ್ಪಲಿ, ಚಡ್ಡಿ ಹಾಕಿಕೊಂಡು ಬರುವಂತಿಲ್ಲ ಅಂತ ಬಾಗಿಲಲ್ಲೇ ತಡೆದರು. ಭಾವನ ಮುಖ ಸಪ್ಪೆಯಾಯಿತು. ನಮ್ಮನೆಯವರು ಅವರನ್ನು ಜೂನ್ 18 ರಸ್ತೆಗೆ ಕರೆದುಕೊಂಡು ಹೋಗಿ ಬೂಟು ಕೊಡಿಸಿಕೊಂಡು ಬಂದರು. ಅಂಗಡಿಯ ಹುಡುಗ ಇಳಕಲ್ಲಿನವನಂತೆ. “ದಿನಾ ಇಬ್ರು ಮೂವರು ಹಿಂಗ ಬರ್ತಾರ ರೀ” ಅಂದು ಸಾಕ್ಸ್ ಪುಕ್ಕಟೆ ಕೊಟ್ಟನಂತೆ.

ಚಿಕ್ಕ ದೋಣಿಯಲ್ಲಿ ಹಡಗಿಗೆ ಕರೆದೊಯ್ಯುತ್ತಾರೆ. ಟಿಕೆಟ್ಟಿನಲ್ಲೇ ಊಟ, ಕುಡಿತ, ಡ್ಯಾನ್ಸ್ ಶೋ, ಜೊತೆಗೆ ಸ್ವಲ್ಪ ಆಟದ ಬಿಲ್ಲೆ ಸೇರಿರುತ್ತದೆ. ಆ ಬಿಲ್ಲೆ ಒಂದೇ ಸಲ ಆಡಲು, ಅದನ್ನು ವಾಪಸ್ ಕೊಟ್ಟು ದುಡ್ಡು ತೆಗೆದುಕೊಳ್ಳಲು ಬರುವುದಿಲ್ಲ. ಅದರಿಂದ ಗೆದ್ದರೆ ಗೆದ್ದದ್ದು ನಿಮ್ಮದು. ಮಿಕ್ಕ ಆಟಕ್ಕೆ ನಿಮ್ಮ ದುಡ್ಡು ಕೊಟ್ಟು ಬಿಲ್ಲೆ ಕೊಳ್ಳಬೇಕು. ಅಕ್ಕ ಮೊದಲೇ ಕರಾರು ಹಾಕಿದ್ದಳು: ಐದು ಸಾವಿರ ಜೇಬಿನಲ್ಲಿ, ಎಟಿಎಂ ಕಾರ್ಡು ಮತ್ತು ಫೋನು ರೂಮಿನಲ್ಲಿ. ಈಗ ಫೋನಿದ್ದರೆ ಸಾಕು, ಬ್ಯಾಂಕೇ ಕೈಯಲ್ಲಿದ್ದ ಹಾಗೆ. ನೀವು ಹೋಗುವುದಾದರೆ ನಮ್ಮ ಅಕ್ಕನ ಹಾಗೇ ಮಾಡಿ.

ಒಳಗೆ ಗಡಿಯಾರ ಕಾಣಿಸಲಿಲ್ಲ. ಕಿಟಕಿಯಿಂದ ನದಿ ನೋಡೋಣವೆಂದರೆ ಅದೂ ಇಲ್ಲ. ನಾನು ಬಹಳ ಹೊತ್ತು ರೂಲೆಟ್ ಅನ್ನುವ, ಚಕ್ರ ತಿರುಗಿಸಿ ಚೆಂಡು ಬಿಡುವ ಆಟದ ಮೇಜಿನ ಹತ್ತಿರ ನಿಂತಿದ್ದೆ. ಆಟ ನಡೆಸುವ ಡೀಲರ್ ಹುಡುಗಿ ಮಣಿಪುರದವಳು. ಅವಳ ಪಾಳಿ ಮುಗಿದಾಗ ಮೇಜು ಬಿಡುವ ಮೊದಲು ಎರಡೂ ಕೈ ಮುಂದೆ ಚಾಚಿ, ಒಮ್ಮೆ ಚಪ್ಪಾಳೆ ತಟ್ಟಿ, ಅಂಗೈ ಮೇಲೆ ಮಾಡಿ, ಮತ್ತೆ ಕೆಳಗೆ ಮಾಡಿ ತೋರಿಸಿದಳು. ಯಾರಿಗೆ ತೋರಿಸುತ್ತಿದ್ದಾಳೆ ಅಂತ ಸುತ್ತ ನೋಡಿದೆ. ಮೇಲೆ ಕ್ಯಾಮೆರಾ. ಕೈಯಲ್ಲಿ ಬಿಲ್ಲೆ ಇಲ್ಲ ಅಂತ ಅದಕ್ಕೆ ತೋರಿಸಬೇಕಂತೆ, ಪ್ರತಿ ಸಲ. ಎಡಗೈ ಬೆರಳಿಗೆ ಸಣ್ಣ ಬ್ಯಾಂಡೇಜ್ ಇತ್ತು, ಅದನ್ನೂ ತಿರುಗಿಸಿ ತೋರಿಸಿದಳು. ರಾತ್ರಿಯಿಡೀ ನಿಂತು ದುಡಿಯುವ ಹುಡುಗಿಯರು ಇವರು, ಹಡಗು ಮುಚ್ಚುವುದೇ ಇಲ್ಲ. ಇವರ ಹತ್ತಿರ ಸೋತವರು ಗುರ್ ಅನ್ನುವುದನ್ನು ನೋಡಿದೆ. ದಯವಿಟ್ಟು ಹಾಗೆ ಮಾಡಬೇಡಿ, ಚೆಂಡು ಎಲ್ಲಿ ಬೀಳುತ್ತದೆ ಅನ್ನುವುದು ಅವರ ಕೈಯಲ್ಲಿಲ್ಲ.

ರೂಲೆಟ್ ಲೆಕ್ಕ ಸರಳ. ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ, ಒಟ್ಟು 37 ಮನೆ. ಒಂದು ನಂಬರಿಗೆ ನೂರು ರೂಪಾಯಿ ಕಟ್ಟಿ ಅದೇ ಬಿದ್ದರೆ ಕಟ್ಟಿದ ನೂರರ ಜೊತೆ 3,500 ಕೊಡುತ್ತಾರೆ. ಸರಿಯಾದ ಲೆಕ್ಕದಲ್ಲಿ 3,600 ಕೊಡಬೇಕಿತ್ತು. ಆ ವ್ಯತ್ಯಾಸವೇ ಹಡಗಿನ ಆದಾಯ, ನೂರು ರೂಪಾಯಿಗೆ ಸರಾಸರಿ ಎರಡೂ ಮುಕ್ಕಾಲು ರೂಪಾಯಿಯಷ್ಟು. ಚಿಕ್ಕದು ಅನ್ನಿಸುತ್ತದೆ ಅಲ್ವಾ? ಚಕ್ರ ನಿಲ್ಲದೆ ತಿರುಗುತ್ತಲೇ ಇರುತ್ತದೆ, ಅದೇ ನೂರು ಮತ್ತೆ ಮತ್ತೆ ಮೇಜಿಗೆ ಹೋಗುತ್ತದೆ. ಮೇಲೆ ಬೋರ್ಡಿನಲ್ಲಿ ಹಿಂದೆ ಬಿದ್ದ ನಂಬರು ಹಾಕಿರುತ್ತಾರೆ, ಅದನ್ನು ನೋಡಿ ಜನ ಚೀಟಿಯಲ್ಲಿ ಬರೆದುಕೊಂಡು ಲೆಕ್ಕ ಹಾಕುತ್ತಾರೆ. ಹಿಂದೆ ಏನು ಬಿತ್ತು ಅನ್ನುವುದು ಚೆಂಡಿಗೆ ಗೊತ್ತಿರುವುದಿಲ್ಲ.

ಭಾವ ಕೂತದ್ದು ಅಂದರ್-ಬಾಹರ್ ಮೇಜಿಗೆ. ನಮ್ಮ ಕಡೆ ಪೇಪರಿನಲ್ಲಿ “ಅಂದರ್-ಬಾಹರ್: ಎಂಟು ಮಂದಿ ಬಂಧನ” ಅಂತ ಬರುವ ಅದೇ ಆಟ. ಇಲ್ಲಿ ಎಸಿಯಲ್ಲಿ, ಕಾನೂನು ಪ್ರಕಾರ. ಗೋವಾ ಸರ್ಕಾರ 1992ರಲ್ಲಿ ಪಂಚತಾರಾ ಹೋಟೆಲಿನಲ್ಲಿ ಸ್ಲಾಟ್ ಮೆಷಿನ್, ಅಂದರೆ ದುಡ್ಡು ಹಾಕಿ ಆಡುವ ಯಂತ್ರ, ಇಡಲು ಒಪ್ಪಿಗೆ ಕೊಟ್ಟು, 1996ರಲ್ಲಿ ಹಡಗಿನಲ್ಲಿ ಮೇಜಿನ ಆಟಕ್ಕೂ ಒಪ್ಪಿಗೆ ಕೊಟ್ಟಿತು. ಅದಕ್ಕೇ ಇಸ್ಪೀಟು ಹಂಚುವ ಆಟಕ್ಕೆ ನದಿಗೇ ಹೋಗಬೇಕು. ಭಾವ ಒಮ್ಮೆ ಎಂಟು ಸಾವಿರದವರೆಗೆ ಏರಿದರು, ಆಮೇಲೆ ಇಳಿದರು, ಊಟಕ್ಕೆ ಏಳುವಾಗ ಕೈಯಲ್ಲಿ ಹನ್ನೆರಡು ನೂರು ಇತ್ತು. ಖುಷಿಯಾಗಿಯೇ ಇದ್ದರು. ಗುಜರಾತಿನ ಮಂದಿ ತುಂಬಾ ಬರುತ್ತಾರೆ, ಹೀಗಾಗಿ ಸಸ್ಯಾಹಾರ ಚೆನ್ನಾಗಿತ್ತು, ವಾರ ಮಾಡುವ ಅಕ್ಕನಿಗೆ ತೊಂದರೆ ಆಗಲಿಲ್ಲ.

ಊಟದ ಸಾಲಿನ ಹತ್ತಿರ ಒಬ್ಬ ಹುಡುಗ ಫೋನಿನಲ್ಲಿ ಕನ್ನಡದಲ್ಲಿ ಬೇಡಿಕೊಳ್ಳುತ್ತಿದ್ದ. “ಹತ್ ಸಾವ್ರ ಹಾಕೋ ದೋಸ್ತ, ಮುಂಜಾನೆ ಕೊಡ್ತೀನಿ.” ಆ ಕಡೆಯವರು ಇಲ್ಲ ಅಂದಿರಬೇಕು, ಇನ್ನೊಬ್ಬರಿಗೆ ಹಚ್ಚಿದ. ನಮ್ಮನೆಯವರು ಹತ್ತಿರ ಹೋಗಿ “ಯಾವೂರಪಾ?” ಅಂದರು. ವಿಜಯಪುರ ಕಡೆ ಅಂದ. “ಊಟ ಮಾಡೀಯೇನು?” ಇಲ್ಲ. “ಬಾ, ನಮ್ ಕೂಡ ಕುಂದ್ರು.” ಕೂತ. ಎರಡು ತುತ್ತು ತಿಂದ, ಫೋನು ರಿಂಗ್ ಆಯಿತು, ತಟ್ಟೆ ಬಿಟ್ಟು ಎದ್ದು ಹೋದ. ಆ ತಟ್ಟೆ ಇನ್ನೂ ನನ್ನ ಕಣ್ಣಮುಂದೆ ಇದೆ. ಕ್ಯಾಸಿನೋಗೆ ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ, ನಮ್ಮ ಭಾವ ಖುಷಿಪಟ್ಟದ್ದು ಸುಳ್ಳಲ್ಲ. ಆದರೆ ಸಾಲ ಮಾಡಿ ಆಡಲು ಶುರುಮಾಡಿದವರನ್ನು ಅಲ್ಲಿ ಯಾರೂ ತಡೆಯುವುದಿಲ್ಲ. ಜೊತೆಗೆ ಹೋದವರೇ ತಡೆಯಬೇಕು.

ಒಂದು ಗಂಟೆಗೆ ದಂಡೆಗೆ ಬಂದೆವು. ಟ್ಯಾಕ್ಸಿಯವರು ಬಾಗಾ, ಕಲಂಗುಟ್ ಅಂತ ಕೂಗುತ್ತಿದ್ದರು. ನಾವು ನಡೆದು ರೂಮಿಗೆ ಹೋಗಿ ಮಲಗಿದೆವು.

ಶುಕ್ರವಾರ

ತಡವಾಗಿ ಎದ್ದು ಪಣಜಿ ಮಾರ್ಕೆಟ್ ಕಡೆ ಹೋದೆವು. ಬೆಳಗ್ಗೆ ಅಲ್ಲಿ ಪಾತಳ ಭಾಜಿ ಮತ್ತು ಪಾವ್ ತಿನ್ನಬೇಕು. ಬಟಾಣಿಯ ತೆಳ್ಳಗಿನ ರಸ, ಕೊಬ್ಬರಿ ಹಾಕಿದ್ದು, ಖಾರ ಹಿತವಾಗಿ. ಬನ್ಸ್ ಕೂಡ ಸಿಗುತ್ತದೆ, ಮಂಗಳೂರಿನವರಿಗೆ ಹೇಳಬೇಕಿಲ್ಲ. ಮಾರ್ಕೆಟ್ಟಿನ ಹೊರಗೆ ಹೂ ಮಾರುವ ಅಜ್ಜಿ ನಮ್ಮ ಮಾತು ಕೇಳಿ “ಯಾವೂರವಾ ತಂಗಿ?” ಅಂದರು. ಅವರದು ಬಾಗಲಕೋಟೆ ಕಡೆಯ ಹಳ್ಳಿ, ಮದುವೆಯಾಗಿ ಬಂದವರು, ಮೊಮ್ಮಕ್ಕಳು ಕೊಂಕಣಿ ಮಾತಾಡುತ್ತಾರೆ. ಕ್ಯಾಸಿನೋಗೆ ಬಂದೆವು ಅಂದಾಗ, “ನಮ್ ಹುಡ್ಗೂರ್ನ ಒಳಗ ಬಿಡಂಗಿಲ್ಲವಾ, ಚಲೋ ಆತು” ಅಂದರು. ನಿಜ. 2020ರ ಫೆಬ್ರವರಿಯಿಂದ ಗೋವಾದವರು ಆಡಲು ಒಳಗೆ ಹೋಗುವಂತಿಲ್ಲ, ಕೆಲಸಕ್ಕಾದರೆ ಹೋಗಬಹುದು. ತಮ್ಮ ಮಕ್ಕಳು ಆಡಬಾರದು, ಹೊರಗಿನವರು ಆಡಬಹುದು ಅನ್ನುವ ಈ ನಿಯಮ ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಆದರೂ ಅಜ್ಜಿಯ ಮಾತಿಗೆ ಏನು ಹೇಳುವುದು?

ಮಧ್ಯಾಹ್ನ ಮೀನಿನ ಥಾಳಿ. ರವೆ ಹಚ್ಚಿ ಹುರಿದ ಬಂಗಡೆ, ಒಣ ಸಿಗಡಿಯ ಕಿಸ್ಮೂರ್, ಸೋಲ್ ಕಡಿ. ಅಕ್ಕ ಎರಡು ಲೋಟ ಸೋಲ್ ಕಡಿ ಕುಡಿದಳು. ನದಿ ದಂಡೆಯಲ್ಲೇ ಆದಿಲ್ ಶಾಹನ ಅರಮನೆ ಇದೆ, ನಮ್ಮ ವಿಜಾಪುರದ ಆದಿಲ್ ಶಾಹ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಅದು ಅವರ ಕೈಗೆ ಹೋಯಿತು, ಮುಂದೆ ಗೋವಾ ವಿಧಾನಸಭೆಯೂ ಅಲ್ಲೇ ನಡೆಯಿತು. ಅರಮನೆ ಮೆಟ್ಟಿಲ ಮೇಲೆ ಕೂತರೆ ಎದುರಿಗೇ ಹಡಗುಗಳು. ಹಗಲಲ್ಲಿ ನೋಡಿದರೆ ಬಣ್ಣ ಸುಲಿದ ಕಬ್ಬಿಣ ಅಷ್ಟೆ.

ಸಂಜೆ ಮಾಡಿದ ಕೆಲಸ ಎಲ್ಲರಿಗೂ ಹೇಳಬೇಕು ಅನ್ನಿಸುತ್ತದೆ. ಪಣಜಿಯಿಂದ ಆಚೆ ದಂಡೆಯ ಬೇತಿಗೆ ಸರ್ಕಾರದ ಫೆರ್ರಿ ಓಡುತ್ತದೆ. ನಡೆದು ಹತ್ತುವವರಿಗೆ ಪುಕ್ಕಟೆ. ಮೀನು ಮಾರಿ ಮನೆಗೆ ಹೋಗುವ ಹೆಂಗಸರು, ಆಫೀಸಿನವರು, ಸ್ಕೂಟರುಗಳ ನಡುವೆ ನಿಂತು ಆಚೆ ಹೋದೆವು, ಕತ್ತಲಾದ ಮೇಲೆ ವಾಪಸ್ ಬಂದೆವು. ಕ್ಯಾಸಿನೋಗಳ ದೀಪ ಪೂರ್ತಿ ನೀರಿನ ಮೇಲೆ ಬಿದ್ದು ಕೆಂಪು, ನೀಲಿ, ಹಸಿರು. ಫೆರ್ರಿ ಅವುಗಳ ಪಕ್ಕದಲ್ಲೇ ಹಾದು ಬರುತ್ತದೆ. ದುಡ್ಡು ಕೊಟ್ಟು ಹೋಗುವ ಕ್ರೂಸ್‌ನಲ್ಲೂ ಕಾಣುವುದು ಇದೇ ನದಿ. ಅಲ್ಲಿ ಫುಗಡಿ, ದೆಖಣಿ ಕುಣಿತ ಇರುತ್ತದೆ, ಮಕ್ಕಳಿದ್ದರೆ ಅದಕ್ಕೆ ಹೋಗಿ.

ಶನಿವಾರ

ಭಾವನ ಆಸೆಗೆ ಬಾಗಾ. ನಮ್ಮನೆಯವರು ಕುಡಿಯುವುದಿಲ್ಲ, ಹೀಗಾಗಿ ನಮ್ಮ ಕಾರಲ್ಲೇ ಹೋದೆವು. ಬೀಚಿನಲ್ಲಿ ಸಂಜೆ ಚೆನ್ನಾಗಿತ್ತು, ಶ್ಯಾಕ್ ಅನ್ನುವ ಬೀಚಿನ ಗುಡಿಸಲು ಹೋಟೆಲಿನಲ್ಲಿ ಕಾಲು ಚಾಚಿ ಕೂತು ಸೂರ್ಯ ಮುಳುಗುವುದು ನೋಡಿದೆವು. ರಾತ್ರಿ ಟಿಟೋಸ್ ಲೇನ್. ಒಂದೇ ಗಲ್ಲಿ, ಎರಡೂ ಕಡೆ ಕ್ಲಬ್ಬು, ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು ಕೈ ಹಿಡಿದು ಎಳೆಯುತ್ತಾರೆ. ಜೋಡಿಯಾಗಿ ಹೋದವರಿಗೆ ಸಲೀಸು, ಬರೀ ಹುಡುಗರ ಗುಂಪಿಗೆ ದರ ಬೇರೆ ಅಥವಾ ಪ್ರವೇಶವೇ ಇಲ್ಲ. ಒಂದು ಕ್ಲಬ್ಬಿನಲ್ಲಿ ಹೊರಗೆ ಹೇಳಿದ ದರಕ್ಕೂ ಬಿಲ್ಲಿಗೂ ತಾಳೆಯಾಗಲಿಲ್ಲ. ನಮ್ಮನೆಯವರು ಜಗಳ ಮಾಡಿ ಸರಿಮಾಡಿಸಿದರು. ಒಳಗೆ ಹೋಗುವ ಮೊದಲು ದರದಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ಹತ್ತು ಗಂಟೆಗೆ ಬಯಲಿನಲ್ಲಿ ಜೋರು ಹಾಡು ನಿಲ್ಲಬೇಕು ಅನ್ನುವ ನಿಯಮ ಇದೆ, ಆಮೇಲೆ ಏನಿದ್ದರೂ ಬಾಗಿಲು ಹಾಕಿದ ಒಳಗೆ. ಒಳಗಿನ ಸದ್ದಿಗೆ ಅಕ್ಕನ ತಲೆ ನೋವು ಶುರುವಾಯಿತು.

ವಾಪಸ್ ಬರುವಾಗ ಕಲಂಗುಟ್‌ನಲ್ಲಿ ಗಾಡಿ ಹೆಜ್ಜೆ ಹೆಜ್ಜೆಗೆ ನಿಂತಿತು. ಪೊಲೀಸರು ಊದಿಸಿ ನೋಡುತ್ತಿದ್ದರು. ಕುಡಿದು ಬಾಡಿಗೆ ಸ್ಕೂಟರ್ ಓಡಿಸುವ ಹುಡುಗರನ್ನು ಬದಿಗೆ ನಿಲ್ಲಿಸಿದ್ದು ನೋಡಿ ಸಮಾಧಾನ ಆಯಿತು. ಅಟಲ್ ಸೇತು ಹತ್ತಿದ ಮೇಲೆ ಪಣಜಿಯ ದೀಪ ಕಂಡಿತು. “ನೀ ಹೇಳಿದ್ದ ಖರೇ ಐತಿ ನೋಡವಾ, ಪಣಜಿನ ಚಲೋ” ಅಂದರು ಭಾವ.

ಭಾನುವಾರ

ಡಿಸೆಂಬರ್ 8ರ ಫೆಸ್ಟ್, ಅಂದರೆ ಮೇರಿ ಮಾತೆಯ ಹಬ್ಬ. ಪಣಜಿಯ ಬಿಳಿ ಚರ್ಚಿನ ಸುತ್ತ ಜಾತ್ರೆ ನೆರೆದಿತ್ತು. ಅಡ್ಡಾದಿಡ್ಡಿ ಮೆಟ್ಟಿಲಿನ ಆ ಚರ್ಚನ್ನು ಎಲ್ಲರೂ ಫೋಟೋದಲ್ಲಿ ನೋಡಿರುತ್ತಾರೆ. ಕೆಳಗೆ ಸಾಲು ಸಾಲು ಖಾಜೆ ಅಂಗಡಿ. ಕಡಲೆಹಿಟ್ಟಿನ ಕಡ್ಡಿಗೆ ಬೆಲ್ಲದ ಪಾಕ, ಎಳ್ಳು, ಶುಂಠಿ. ನಮ್ಮ ಜಾತ್ರೆಯ ಬೆಂಡು ಬತ್ತಾಸಿನ ಹಾಗೇ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರೆ. ಭಾವ ಪೈಲಟ್ ಗಾಡಿ ಹತ್ತಿ ಮಿರಾಮಾರ್‌ಗೆ ಹೋಗಿಬಂದರು. ಪೈಲಟ್ ಅಂದರೆ ಬಾಡಿಗೆ ಬೈಕು, ಹಳದಿ ಮಡ್‌ಗಾರ್ಡ್ ಇರುತ್ತದೆ, ಒಬ್ಬರೇ ಹೋಗುವುದಾದರೆ ಟ್ಯಾಕ್ಸಿಗಿಂತ ಎಷ್ಟೋ ಅಗ್ಗ. ಓಡಿಸಿದವನು ರೋಣದವನು, ಝುವಾರಿನಗರದಲ್ಲಿ ಮನೆ.

ಸಂಜೆ ಕಲಾ ಅಕಾಡೆಮಿಯಲ್ಲಿ ತಿಯಾತ್ರ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ರಂಗಮಂದಿರ, ನದಿ ದಂಡೆಯಲ್ಲೇ ಇದೆ. ತಿಯಾತ್ರ ಕೊಂಕಣಿ ನಾಟಕ. ಮೊದಲು ಆಡಿದ್ದು ಮುಂಬೈಯಲ್ಲಿ, 1892ರಲ್ಲಿ. ನಾಟಕದ ನಡುವೆ ಪರದೆ ಬೀಳುತ್ತದೆ, ಪರದೆಯ ಮುಂದೆ ಒಬ್ಬರು ಬಂದು ಕಾಂತಾರ್ ಅಂತ ಹಾಡು ಹೇಳುತ್ತಾರೆ, ಕೆಳಗೆ ಬ್ಯಾಂಡು ಬಾರಿಸುತ್ತಾರೆ. ಹಾಡಿಗೂ ಕಥೆಗೂ ಸಂಬಂಧ ಇರಲೇಬೇಕು ಅಂತಿಲ್ಲ. ಒಬ್ಬಾತ ರಸ್ತೆ ಗುಂಡಿಯ ಮೇಲೆ ಹಾಡಿದ. ಇನ್ನೊಬ್ಬರು ಕ್ಯಾಸಿನೋ ಮೇಲೆಯೇ ಹಾಡಿದರು, ಜನ ಶಿಳ್ಳೆ ಹಾಕಿ ಮತ್ತೊಮ್ಮೆ ಹಾಡಿಸಿದರು. ನಮಗೆ ಕೊಂಕಣಿ ಅರ್ಧಂಬರ್ಧ. ಪಕ್ಕದಲ್ಲಿದ್ದ ಟೀಚರಮ್ಮ ಕಾರವಾರದವರು, ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದರು. ಮಂತ್ರಿಯ ಹೆಸರು ಹೇಳದೆ ಮಂತ್ರಿಯನ್ನೇ ಝಾಡಿಸುವುದು, ಜನ ಅದನ್ನು ಹಿಡಿದು ನಗುವುದು. ನಾನು ಸಣ್ಣವಳಿದ್ದಾಗ ಹುಬ್ಬಳ್ಳಿಯಲ್ಲಿ ನೋಡಿದ ಕಂಪನಿ ನಾಟಕದಲ್ಲೂ ಹೀಗೇ ‘ಒನ್ಸ್ ಮೋರ್’ ಕೂಗುತ್ತಿದ್ದರು. ನಮ್ಮಲ್ಲಿ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಇಲ್ಲಿ ತಿಯಾತ್ರಕ್ಕೆ ಇನ್ನೂ ಜನ ಟಿಕೆಟ್ ಕೊಂಡು ಬರುತ್ತಾರೆ. ನನಗೆ ಹೊಟ್ಟೆಕಿಚ್ಚೇ ಆಯಿತು. ಗೋವಾಕ್ಕೆ ಮನರಂಜನೆಗೆ ಅಂತ ಹೋಗುವವರು ಇದನ್ನು ಯಾಕೆ ಪಟ್ಟಿಯಲ್ಲಿ ಇಡುವುದಿಲ್ಲ?

ಸೋಮವಾರ

ಚೋರ್ಲಾದ ಗುಂಡಿ ಬೇಡ ಅಂತ ಫೋಂಡಾ, ಮೊಲೆಂ, ಅನಮೋಡ ದಾರಿ ಹಿಡಿದೆವು. ಹಳೇ ಗೋವಾದಲ್ಲಿ ದರ್ಶನಕ್ಕೆ ಬಂದ ಬಸ್ಸುಗಳ ಸಾಲು, ಅಲ್ಲೇ ಬಹಳ ಹೊತ್ತು ಹೋಯಿತು. ನಮ್ಮ ಪಕ್ಕ ಕದಂಬ ಬಸ್ಸು ನಿಂತಿತ್ತು. ಗೋವಾ ಸರ್ಕಾರದ ಬಸ್ಸಿಗೆ ಕದಂಬರ ಹೆಸರಿಟ್ಟಿರುವುದು ನೋಡಿದಾಗಲೆಲ್ಲ ನನಗೆ ಖುಷಿ.

ಗಡಿಯಲ್ಲಿ ಅಬಕಾರಿಯವರು ಡಿಕ್ಕಿ ತೆಗೆಸಿದರು. ಗೋವಾದಲ್ಲಿ ಬಾಟಲಿ ಅಗ್ಗ ಅಂತ ಪರ್ಮಿಟ್ ಇಲ್ಲದೆ ತಂದರೆ ಇಲ್ಲಿ ಸಿಕ್ಕಿಬೀಳುತ್ತೀರಿ. ನಮ್ಮ ಹತ್ತಿರ ಇದ್ದದ್ದು ಗೋಡಂಬಿ, ಬೆಬಿಂಕಾ ಅನ್ನುವ ಗೋವಾದ ಸಿಹಿ, ಖಾಜೆ ಮತ್ತು ಭಾವನ ಹೊಸ ಬೂಟಿನ ಡಬ್ಬ. “ಹೋಗ್ರಿ” ಅಂದರು.

ರಾಮನಗರ ದಾಟಿದ ಮೇಲೆ ಭಾವ ಮತ್ತೆ ಗೋವಾ ಮಾತು ತೆಗೆದರು. ಈ ಸಲ ಕಾರ್ನಿವಲ್ ಮೆರವಣಿಗೆಗೆ. ಅದಕ್ಕೆ ಟಿಕೆಟ್ ಬೇಕಿಲ್ಲ, ಪಣಜಿಯ ರಸ್ತೆಯಲ್ಲೇ ನಿಂತು ನೋಡಬಹುದು, 2025ರಲ್ಲಿ ಅದು ಮಾರ್ಚ್ ಮೊದಲ ಶನಿವಾರ ಬರುವುದಿತ್ತು. ಅಳ್ನಾವರದಲ್ಲಿ ಚಹಾಕ್ಕೆ ನಿಂತಾಗಲೇ ಅಕ್ಕ ಪಣಜಿಯ ಅದೇ ಲಾಡ್ಜಿಗೆ ಫೋನ್ ಮಾಡಿ ಎರಡು ರೂಮು ಹೇಳಿದಳು.